ಎಡಗಡೆಯ ಸ್ಪೀಕರ್

ಭಾನುವಾರ, ಮಧ್ಯಾಹ್ನ

ಪುಟ್ಟಿಯ ಅಮ್ಮನಿಗೆ,

ನಾನು ಆರಾಮಾಗಿದ್ದೇನೆ. ನಿನ್ನ ಆರೋಗ್ಯದ ವಿಷಯ ಪುಟ್ಟಿಯಿಂದ ತಿಳಿಯುತ್ತಿದೆ, ಹಾಗಾಗಿ ಕೇಳುತ್ತಿಲ್ಲ. ನಿನ್ನ ಬಾಡಿಗೆ ಮನೆಯ ಟಿವಿಯಲ್ಲಿ ಮಾತು ಸರಿಯಾಗಿ ಕೇಳಿಸುವುದಿಲ್ಲ ಎಂದು ಅವಳೇ ಹೇಳಿದಳು. ನಮ್ಮ ಹೋಮ್ ಥಿಯೇಟರನ್ನು ಅವಳ ಜೊತೆ ಕಳಿಸಿದ್ದೇನೆ. ಬಂದು ಜೋಡಿಸಿಕೊಡಲೇ ಎಂದು ಕೇಳುವ ಧೈರ್ಯ ನನಗಿಲ್ಲ. ವಕೀಲರ ನೋಟಿಸಿನಲ್ಲಿ ನನ್ನನ್ನು ಏನು ಕೇಳಿದರೂ ಉತ್ತರ ಕೊಡದ ಮನುಷ್ಯ ಎಂದು ಬರೆಸಿದ್ದೀಯ. ನಾವು ಬೇರೆಯಾಗುವ ಕಾಗದಕ್ಕೆ ಈಗ ನನ್ನ ಸಹಿಯೊಂದೇ ಬಾಕಿ.

ಮೊದಲು ಎಲ್ಲ ಸ್ವಿಚ್ ಆಫ್ ಮಾಡು. ಟಿವಿಯ ಹಿಂದೆ ಒಂದೇ ಥರದ ಎರಡು ಮೂರು ಎಚ್‌ಡಿಎಂಐ ಪೋರ್ಟುಗಳಿರುತ್ತವೆ. ಎಆರ್‌ಸಿ ಎಂದು ಬರೆದಿರುವುದಕ್ಕೇ ಕೇಬಲ್ ಹಾಕು, ಇನ್ನೊಂದು ತುದಿಯನ್ನು ಆಂಪ್ಲಿಫೈಯರಿನಲ್ಲಿ ಅದೇ ಹೆಸರಿರುವ ಕಡೆ ಸಿಕ್ಕಿಸು. ತಪ್ಪಿದರೆ ಆ ಪೆಟ್ಟಿಗೆ ತುಟಿ ಪಿಟಕ್ಕೆನ್ನದೆ ಕೂರುತ್ತದೆ. ನಿನಗೆ ಅದರ ಅಭ್ಯಾಸವಿದೆ.

ಸ್ಪೀಕರ್ ವೈರುಗಳಲ್ಲಿ ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಉದ್ದನೆಯ ಸ್ಪೀಕರ್ ಟಿವಿಯ ಕೆಳಗಿರಲಿ, ಮಾತೆಲ್ಲ ಬರುವುದು ಅದರಿಂದಲೇ. ವೂಫರನ್ನು ಮೂಲೆಗೆ ತಳ್ಳಬೇಡ. ಗುಡುಗಿದರೆ ಕೆಳಗಿನ ಮನೆಯವರು ಮೆಟ್ಟಿಲು ಹತ್ತಿ ಬರುತ್ತಾರೆ. ಕೊನೆಗೆ ಟಿವಿಯ ಸೆಟ್ಟಿಂಗ್ಸಿಗೆ ಹೋಗಿ, ಸೌಂಡ್ ಹೊರಗಿನ ಸ್ಪೀಕರಿಗೆ ಬರುವ ಹಾಗೆ ಮಾಡು.

ಎಡ ಬಲದ ಸೌಂಡ್ ಸಮ ಮಾಡುವುದನ್ನು ಮಾತ್ರ ಪುಟ್ಟಿಯ ಕಿವಿಗೆ ಬಿಡು. ನಾನು ಮಾಡಿಟ್ಟಿರುವುದನ್ನು ನಂಬಬೇಡ. ಇಪ್ಪತ್ತೆರಡು ವರ್ಷ ಕಂಡವರ ಮನೆಗಳಲ್ಲಿ ಸ್ಪೀಕರ್ ಕೂರಿಸಿದವನು ಹೀಗೆ ಬರೆಯುವುದಕ್ಕೆ ಕಾರಣವಿದೆ. ಹೋದ ತಿಂಗಳು ಒಬ್ಬರು ನಿವೃತ್ತ ಟೀಚರ್ ಮನೆಯಲ್ಲಿ ಕೆಲಸ ಮುಗಿಸಿದೆ. ಸೌಂಡ್ ಅಳೆಯುವ ಮೀಟರು ಚೀಲದಲ್ಲೇ ಇತ್ತು. ನನ್ನ ಕಿವಿಯೇ ಮೀಟರು ಎನ್ನುವ ಜಂಬ ನಿನಗೆ ಗೊತ್ತಲ್ಲ, ಹೊರಗೆ ತೆಗೆಯಲಿಲ್ಲ. ಆಕೆ ಸೋಫಾದ ನಡುವೆ ಕೂತು, "ಎಡಗಡೇದು ಯಾಕಪ್ಪಾ ಹೀಗೆ ಅರಚುತ್ತೆ?" ಎಂದರು. ನಾನು ವಾದಕ್ಕಿಳಿದೆ. ಆಮೇಲೆ ಮೀಟರು ಹಿಡಿದು ನೋಡಿದರೆ ಎಡಗಡೆಯದು ಎರಡು ಪಟ್ಟು ಜೋರಿತ್ತು. ಕ್ಷಮೆ ಕೇಳಿ, ಸರಿ ಮಾಡಿಕೊಟ್ಟು, ನೇರವಾಗಿ ಕಿವಿ ಡಾಕ್ಟರ್ ಹತ್ತಿರ ಹೋದೆ. ಎಡಗಿವಿ ಮುಕ್ಕಾಲು ಪಾಲು ಹೋಗಿದೆ, ಹೋಗಿ ನಾಲ್ಕೈದು ವರ್ಷವಾದರೂ ಆಗಿರಬೇಕು ಎಂದರು.

ಕಾರಿನಲ್ಲೂ ಸೋಫಾದಲ್ಲೂ ನೀನು ಕೂರುತ್ತಿದ್ದದ್ದು ನನ್ನ ಎಡಕ್ಕೆ. ಇದನ್ನು ನೆಪ ಹೇಳಲು ಬರೆಯುತ್ತಿಲ್ಲ. ಬಲಗಿವಿ ಚೆನ್ನಾಗಿಯೇ ಇದೆ. ಅದಕ್ಕೆ ಬಿದ್ದ ಮಾತಿಗೂ ನಾನು ಎಷ್ಟೋ ಸಲ ಹೂಂ ಎನ್ನಲಿಲ್ಲ, ಆ ತಪ್ಪಿಗೆ ಯಾವ ಡಾಕ್ಟರ ಚೀಟಿಯೂ ಇಲ್ಲ.

ಕಾಗದ ಮೇಜಿನ ಮೇಲಿದೆ. ಸಹಿ ಬೇಕೇ ಬೇಕು ಎಂದರೆ ಹಾಕಿ ಕಳಿಸುತ್ತೇನೆ. ನನಗೆ ಹಾಕುವ ಮನಸ್ಸಿಲ್ಲ.

ಇಂತಿ,
ಪುಟ್ಟಿಯ ಅಪ್ಪ

ವಿ.ಸೂ.: ಮನೆ ಬಿಡುವ ಹಿಂದಿನ ದಿನ ಸೋಫಾದಲ್ಲಿ ನನ್ನ ಪಕ್ಕ ಕೂತು ನೀನೇನೋ ಕೇಳಿದೆಯಂತೆ. ನಾನು ಟಿವಿ ನೋಡುತ್ತಲೇ ಇದ್ದೆನಂತೆ. ಬಾಗಿಲಲ್ಲಿ ನಿಂತಿದ್ದ ಪುಟ್ಟಿ ಮೊನ್ನೆ ಹೇಳಿದಳು. "ನಾನು ಹೋದ್ರೆ ನಿಮಗೆ ಏನಾದ್ರೂ ಅನ್ಸುತ್ತಾ?" ಅಂತ ಕೇಳಿದ್ದೆಯಂತೆ. ಉತ್ತರ ಎಂಟು ತಿಂಗಳು ತಡವಾಯಿತು. ಅನ್ಸುತ್ತೆ ಕಣೇ.