ಹಲಗೆಯ ಮೇಲಿನ ಮೂವತ್ತು

ಮಂಗಳವಾರ, ಹದಿನಾಲ್ಕು.

ಇವತ್ತೂ ಬಾಯಿ ಬಿಡಲಿಲ್ಲ.

ಬೆಳಿಗ್ಗೆ ಮಾರುಕಟ್ಟೆಯ ಬಾಗಿಲಲ್ಲಿ ದರದ ಹಲಗೆ ಬರೆಯುತ್ತಿದ್ದಾಗ ಪುರಸಭೆಯ ಸಾಹೇಬರು ಬಂದರು. "ಆಲೂಗಡ್ಡೆ ನಲವತ್ತು ಅಳಿಸು, ಮೂವತ್ತು ಅಂತ ಬರಿ. ಜನ ಬೈತಿದಾರೆ," ಅಂದರು. ಬರೆದೆ. ಹತ್ತು ಗಂಟೆಗೆಲ್ಲ ಮೂಟೆಗಳ ಮೇಲೆ ಗೋಣಿ ಹೊದಿಸಿ ವ್ಯಾಪಾರಿಗಳೆಲ್ಲ ಕೂತುಬಿಟ್ಟಿದ್ದರು. ಕೊಳ್ಳಲು ಬಂದವರಿಗೆ ಒಂದು ಆಲೂಗಡ್ಡೆಯೂ ಸಿಗಲಿಲ್ಲ. ಅಲ್ಲೇ ವ್ಯಾಪಾರ ಮಾಡುವ ನನ್ನ ಚಿಕ್ಕಮ್ಮ ಎಲ್ಲರೆದುರು ಜಾಡಿಸಿದಳು: "ಮೂವತ್ತೆಂಟಕ್ಕೆ ತಂದಿದ್ದನ್ನ ಮೂವತ್ತಕ್ಕೆ ಮಾರೋಕೆ ನಾನೇನು ಕರ್ಣನ ತಂಗೀನಾ? ಹಾಗೆ ಬರೆಯೋಕೆ ನಿನ್ನ ಕೈಗಾದ್ರೂ ನಾಚಿಕೆ ಬೇಡವೇನೇ?"

ಹಲಗೆಯಲ್ಲಿ ಅಳಿಸಿದರೆ ಬೆಲೆ ಇಳಿಯುವುದಿಲ್ಲ. ನಾಲ್ಕನೇ ಕ್ಲಾಸು ಓದಿದ ನನಗೇ ಗೊತ್ತು. ಹಿಂದುಗಡೆ ಪುರಸಭೆಯದೇ ತಂಪು ಕೋಣೆ ಇದೆ, ಅದರ ತುಂಬ ಮುರಿದ ಕುರ್ಚಿಗಳು. ಸುಗ್ಗಿಯಲ್ಲಿ ಹನ್ನೆರಡಕ್ಕೂ ಕೇಳುವವರಿಲ್ಲದ ಆಲೂಗಡ್ಡೆಯನ್ನು ಕೊಂಡು ಅಲ್ಲಿಟ್ಟಿದ್ದರೆ ಈಗ ತೆಗೆದು ಮಾರಬಹುದಿತ್ತು. ನಾನು ಸುಳ್ಳು ಬರೆಯಬೇಕಿರಲಿಲ್ಲ.

ಇದನ್ನೇ ಸಂಜೆ ಸಾಹೇಬರು ಕರೆದಿದ್ದ ಮಾರುಕಟ್ಟೆಯವರ ಸಭೆಯಲ್ಲಿ ಹೇಳಬೇಕೆಂದು ದಿನವಿಡೀ ಬಾಯಿಪಾಠ ಮಾಡಿದ್ದೆ. "ಯಾರಿಗಾದ್ರೂ ಏನಾದ್ರೂ ಹೇಳೋದಿದೆಯಾ?" ಎಂದು ಸಾಹೇಬರು ಕೇಳಿದಾಗ ಎದ್ದೂ ನಿಂತೆ. ಎಲ್ಲರೂ ತಿರುಗಿ ನೋಡಿದರು.

"ಸೀಮೆಸುಣ್ಣ ಮುಗಿದಿದೆ ಸಾರ್," ಅಂದೆ.

ತಕ್ಷಣ ಎರಡು ಡಬ್ಬಿ ಕೊಡಿಸಿದರು. ರಾತ್ರಿ ಮನೆಯಲ್ಲಿ ಚಿಕ್ಕಮ್ಮ ಊಟಕ್ಕೂ ಕರೆಯಲಿಲ್ಲ.

ನಾಳೆ ಅದೇ ಸೀಮೆಸುಣ್ಣದಲ್ಲಿ ಆಲೂಗಡ್ಡೆ ಅಂತ ಬರೆದು, ಅದರ ಮುಂದೆ ದರದ ಬದಲು 'ತಂಪು ಕೋಣೆಯಲ್ಲಿ ಕುರ್ಚಿಗಳಿವೆ' ಅಂತ ಬರೆದುಬಿಟ್ಟರೆ? ಬರೆಯುವಾಗ ಯಾರ ಮುಖವನ್ನೂ ನೋಡಬೇಕಿಲ್ಲ.