ಎಮ್ಮೆಯ ಎರಡನೆಯ ಕೊಂಬು

ಶ್ರೀರಂಗಪಟ್ಟಣ
ಭಾನುವಾರ, 23 ನವೆಂಬರ್ 2025

ಪ್ರೀತಿಯ ಅರ್ಪಿತಾ,

ಹೇಗಿದ್ದೀಯಮ್ಮ? ಹುಬ್ಬಳ್ಳಿಯಲ್ಲಿ ಚಳಿ ಶುರುವಾಗಿದೆ ಎಂದು ಪೇಪರಿನಲ್ಲಿ ಓದಿದೆ. ಚಳಿಗಾಲ ಬಂದರೆ ನಿನಗೆ ಗಂಟಲು ಕಟ್ಟುವುದು ಚಿಕ್ಕಂದಿನಿಂದಲೂ ಇದೆ, ಬಿಸಿನೀರನ್ನೇ ಕುಡಿ. ಲ್ಯಾಬಿನಲ್ಲಿ ಇಡೀ ದಿನ ನಿಂತೇ ಕೆಲಸ ಎಂದು ಅಮ್ಮ ಹೇಳುತ್ತಿದ್ದಳು. ಸಂಜೆ ಕಾಲು ನೋಯುತ್ತದೆಯೇ? ಊಟ ಮೆಸ್ಸಿನಲ್ಲೋ, ನೀನೇ ಮಾಡಿಕೊಳ್ಳುತ್ತೀಯೋ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಲ್ಲ ಎನ್ನುತ್ತೀಯ. ಕೇಳಲು ಹೋಗುತ್ತೇನೆ, ನೀನು ‘ಡ್ಯೂಟೀಲಿದೀನಿ ಅಪ್ಪ, ಆಮೇಲೆ ಮಾಡ್ತೀನಿ’ ಎನ್ನುತ್ತೀಯ. ಆ ಆಮೇಲೆ ಇನ್ನೂ ಬಂದಿಲ್ಲ. ಅದಕ್ಕೇ ಈ ಕಾಗದ. ನಿನಗೆ ಪುರುಸೊತ್ತಾದಾಗ ಓದಿಕೊಳ್ಳಬಹುದು, ಮಧ್ಯದಲ್ಲಿ ಇಟ್ಟುಬಿಟ್ಟರೂ ನನಗೆ ಗೊತ್ತಾಗುವುದಿಲ್ಲ.

ನಾನು ಚೆನ್ನಾಗಿದ್ದೇನೆ. ಬಿ.ಪಿ. ಮಾತ್ರೆ ಮರೆಯದೆ ನುಂಗುತ್ತೇನೆ. ಮುದ್ದೆ ಗಂಟಾಗದ ಹಾಗೆ ತಿರುವುವುದನ್ನು ಕಲಿತೆ, ಸಾರು ಮಾತ್ರ ಇನ್ನೂ ನನ್ನ ಮಾತು ಕೇಳುವುದಿಲ್ಲ. ಅಮ್ಮ ಹೋಗಿ ಎರಡು ವರ್ಷವಾಯಿತು. ಅವಳಿದ್ದಾಗ ನಿನ್ನ ಸುದ್ದಿ ನನಗೆ, ನನ್ನ ಸುದ್ದಿ ನಿನಗೆ ಅವಳ ಬಾಯಿಂದಲೇ ತಲುಪುತ್ತಿತ್ತು. ಫೋನು ಅವಳ ಕೈಯಲ್ಲಿ, ನಾನು ಪಕ್ಕದಲ್ಲಿ ಪೇಪರ್ ಓದುವವನ ಹಾಗೆ ಕೂತು ಕಿವಿ ಮಾತ್ರ ಅಲ್ಲೇ ಇಟ್ಟಿರುತ್ತಿದ್ದೆ. ಈಗ ಫೋನು ನನ್ನ ಕೈಗೆ ಬಂದಿದೆ, ಮಾತು ಬರುತ್ತಿಲ್ಲ. ಮುಚ್ಚಿಟ್ಟು ಏನು ಮಾಡಲಿ, ತುಂಬಾ ಒಂಟಿ ಅನ್ನಿಸುತ್ತದೆ ಮಗಳೇ. ಕುಕ್ಕರ್ ಕೂಗಿದರೆ ಮನೆಯಲ್ಲಿ ಯಾರೋ ಮಾತಾಡಿದ ಹಾಗಾಗುತ್ತದೆ. ನನಗೂ ನಿನಗೂ ಮತ್ತೆ ಮಾತು ಶುರುವಾಗಬೇಕು, ನನಗೆ ಬೇಕಾಗಿರುವುದು ಅಷ್ಟೇ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದೆ. ತಿಳಿಸಿಕೊಟ್ಟದ್ದು ಒಂದು ಎಮ್ಮೆ. ನಗಬೇಡ, ಪೂರ್ತಿ ಓದು.

ಕೆ.ಆರ್.ಪೇಟೆ ಹೈಸ್ಕೂಲಿನಿಂದ ರಿಟೈರ್ ಆದ ಮೇಲೆ ಗೋಡೆ ನೋಡಿಕೊಂಡು ಕೂತು ಸಾಕಾಗಿತ್ತು. ನನ್ನ ಹಳೆಯ ವಿದ್ಯಾರ್ಥಿನಿ ಹೇಮಶ್ರೀ ಈಗ ಅರಕೆರೆ ಹತ್ತಿರದ ಒಂದು ಪ್ರೈಮರಿ ಶಾಲೆಯಲ್ಲಿ ಮೇಡಂ. ‘ಸಾರ್, ವಾರಕ್ಕೆ ಎರಡು ದಿನ ಬಂದು ನಮ್ಮ ನಾಲ್ಕನೇ ಕ್ಲಾಸಿಗೆ ಡ್ರಾಯಿಂಗ್ ಹೇಳ್ಕೊಡಿ’ ಎಂದಳು. ಜೂನ್‌ನಿಂದ ಮಂಗಳವಾರ, ಶುಕ್ರವಾರ ಹೋಗುತ್ತಿದ್ದೇನೆ. ಈಗ ಕಬ್ಬು ಕಡಿಯುವ ಕಾಲ, ಮುಂದೆ ಒಂದು ಕಬ್ಬಿನ ಟ್ರಾಕ್ಟರು ಸಿಕ್ಕಿತೆಂದರೆ ಬಸ್ಸು ಅರ್ಧ ಗಂಟೆ ತಡ. ಹೇಮಶ್ರೀ ಆ ತರಗತಿಗೊಂದು ಬ್ಲಾಗ್ ಮಾಡಿದ್ದಾಳೆ, ‘ನಾಲ್ಕನೇ ಕ್ಲಾಸಿನ ಗೋಡೆ’ ಎಂದು ಹೆಸರು. ಮಕ್ಕಳು ಬರೆದ ಚಿತ್ರದ ಫೋಟೋ ಅದರಲ್ಲಿ ಹಾಕುವುದು, ಕೆಳಗೆ ಆ ಮಗುವೇ ಎರಡು ಮೂರು ಸಾಲು ಟೈಪ್ ಮಾಡುವುದು. ಒಂದು ಒತ್ತಕ್ಷರ ಹುಡುಕುವಷ್ಟರಲ್ಲಿ ಪೀರಿಯಡ್ ಮುಗಿಯುತ್ತದೆ. ಆದರೂ ಕೀಲಿಮಣೆ ಮುಟ್ಟಲು ಜಗಳವೋ ಜಗಳ. ಎಷ್ಟು ಸಲ ನೋಡಿದ್ದಾರೆ ಎಂದು ಕೆಳಗೆ ಸಂಖ್ಯೆ ತೋರಿಸುತ್ತದೆ. ಮೊದಲ ತಿಂಗಳು ನಲವತ್ತು ಬಂತೆಂದು ಮಕ್ಕಳು ಕುಣಿದರು. ಅದರಲ್ಲಿ ಮೂವತ್ತು ಸಲ ನಾನೇ ನೋಡಿದ್ದು ಎಂದು ಹೇಳಲಿಲ್ಲ. ಲಿಂಕನ್ನು ನಿನಗೂ ಏಳು ಸಲ ಕಳಿಸಿದ್ದೇನೆ. ಎರಡು ನೀಲಿ ಟಿಕ್ ಬೀಳುತ್ತವೆ, ಅಂದರೆ ನೋಡಿದ್ದೀಯ ಎಂದು ಅರ್ಥವಂತೆ.

ನನ್ನ ಹಳೇ ಚಾಳಿ ನಿನಗೆ ಗೊತ್ತೇ ಇದೆ. ಅಕ್ಕಸಾಲಿಗರ ಮನೆಯಲ್ಲಿ ಬೆಳೆದವನು ನಾನು. ಓಲೆಯ ಒಂದು ಎಸಳು ಸೊಟ್ಟಗಾದರೆ ನಿನ್ನ ತಾತ ಇಡೀ ಓಲೆಯನ್ನೇ ಮತ್ತೆ ಮೂಸೆಗೆ ಹಾಕಿ ಕರಗಿಸಿ ಮೊದಲಿನಿಂದ ಮಾಡಿಸುತ್ತಿದ್ದರು. ಸೊಟ್ಟಗಿದ್ದದ್ದೆಲ್ಲ ತಪ್ಪು ಎನ್ನುವುದು ನನ್ನ ಕೈಗೆ ಹತ್ತಿದ್ದು ಅಲ್ಲಿಂದ. ಇಲ್ಲೂ ಅದೇ ಮಾಡಿದೆ. ನಾಲ್ಕು ಗಂಟೆಗೆ ಮಕ್ಕಳು ಮನೆಗೆ ಹೋದ ಮೇಲೆ ಬಸ್ಸು ಬರುವವರೆಗೆ ಒಬ್ಬನೇ ಕೂತು ಅವರ ಚಿತ್ರಗಳನ್ನು ತಿದ್ದುತ್ತಿದ್ದೆ. ವಾಲಿದ ಮರ ನೆಟ್ಟಗಾಗುತ್ತಿತ್ತು, ಗಿಡ್ಡ ಕಾಲಿನ ನಾಯಿಗೆ ಕಾಲು ಬೆಳೆಯುತ್ತಿತ್ತು. ಆಮೇಲೆ ಫೋಟೋ ತೆಗೆದು ಬ್ಲಾಗಿಗೆ ಹಾಕುತ್ತಿದ್ದೆ. ನಾಲ್ಕು ಜನ ನೋಡುವಾಗ ಶಾಲೆಯ ಮಾನ ಹೋಗಬಾರದಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಆ ತರಗತಿಯಲ್ಲಿ ಚಿನ್ನು ಎಂಬ ಹುಡುಗಿ ಇದ್ದಾಳೆ. ಅಕ್ಟೋಬರ್‌ನಲ್ಲಿ ಅವಳು ಮನೆಯ ಎಮ್ಮೆಯನ್ನು ಬರೆದಳು. ಕೊಂಬು ಒಂದೇ ಇತ್ತು. ಇನ್ನೊಂದನ್ನು ಮರೆತಿದ್ದಾಳೆ ಎಂದುಕೊಂಡು ನಾನೇ ಬರೆದು, ನೆರಳು ಕೊಟ್ಟು, ಫೋಟೋ ಹಾಕಿದೆ. ಅವಳು ಟೈಪ್ ಮಾಡಿದ್ದ ಸಾಲನ್ನು ಓದಲಿಲ್ಲ. ಅದು ಹೇಮಶ್ರೀಯ ವಿಭಾಗ, ನನ್ನದು ಚಿತ್ರ ಎಂಬ ಗತ್ತು ನನಗೆ. ಚಿನ್ನು ಬರೆದಿದ್ದಳು: ‘ಇದು ನಮ್ಮ ಎಮ್ಮೆ ಲಚ್ಚಿ. ನಾಲೆಗೆ ಬಿದ್ದಾಗ ಒಂದು ಕೊಂಬು ಮುರಿಯಿತು. ಎಷ್ಟು ಎಮ್ಮೆ ಇದ್ದರೂ ನನಗೆ ನಮ್ಮದು ಗೊತ್ತಾಗುತ್ತೆ.’ ಮೇಲೆ ನೋಡಿದರೆ ಎರಡು ಕೊಂಬಿನ ದಿವ್ಯವಾದ ಎಮ್ಮೆ, ಪಶು ಆಹಾರದ ಚೀಲದ ಮೇಲೆ ಇರುತ್ತದಲ್ಲ, ಅಂಥದ್ದು.

ಮುಂದಿನ ಮಂಗಳವಾರ ಅವಳ ಅಜ್ಜಿ ಚಿಕ್ಕಬೋರಮ್ಮ ಶಾಲೆಗೇ ಬಂದರು. ‘ಅಲ್ಲ ಮೇಷ್ಟ್ರೇ, ನಮ್ ಲಚ್ಚಿಗೆ ಇರೋದೇ ಒಂದು ಕೊಂಬು, ಇನ್ನೊಂದ ಎಲ್ಲಿಂದ ತಂದು ಅಂಟುಸ್ಬುಟ್ರಿ? ನನ್ ಮಗ ಲಾರೀಲಿ ಓಗಿರೋನು ಪೋನಲ್ಲಿ ನೋಡ್ಬುಟ್ಟು, ಲಚ್ಚೀನ ಮಾರ್ಬುಟ್ಯಾ ಅವ್ವ, ಇದ್ಯಾವ ಎಮ್ಮೆ ತಂದೆ ಅಂತ ನನ್ ಮ್ಯಾಲೆ ಎಗರಾಡ್ತಾವ್ನೆ!’ ಎಂದರು. ಸ್ಟಾಫ್ ರೂಮೆಲ್ಲ ನಕ್ಕಿತು. ಸುದ್ದಿ ಊರು ಸುತ್ತಿ ಈಗ ಬಸ್ಸಿನ ಕಂಡಕ್ಟರ್ ಕೂಡ ‘ಕೊಂಬಿನ ಮೇಷ್ಟ್ರು ಬಂದ್ರು, ಸೀಟು ಬುಡ್ರಪ್ಪ’ ಎನ್ನುತ್ತಾನೆ. ನಾನೂ ನಕ್ಕೆ. ಚಿನ್ನು ಮಾತ್ರ ನಗಲಿಲ್ಲ. ಚಿತ್ರವನ್ನು ಅವಳ ಮುಂದೆ ಇಟ್ಟರೆ ಒಂದು ಬೆರಳಿನಿಂದ ನನ್ನ ಕಡೆಗೆ ತಳ್ಳಿ ‘ಅದು ನಂದಲ್ಲ ಸಾ’ ಎಂದಳು.

ಅರ್ಪಿತಾ, ಆ ಮಾತನ್ನು ನಾನು ಹಿಂದೆಯೂ ಒಮ್ಮೆ ಕೇಳಿದ್ದೆ. ಮಂಡ್ಯದಲ್ಲಿ ನೀನೂ ಅದನ್ನೇ ಹೇಳಿದ್ದೆ. ನೀನಾಗ ಏಳನೇ ಕ್ಲಾಸು. ಮನೆಯಲ್ಲಿ ಬರೆದು ಕಳಿಸುವ ಜಿಲ್ಲಾ ಮಟ್ಟದ ಸ್ಪರ್ಧೆ, ವಿಷಯ ‘ನನ್ನ ಅಮ್ಮ’. ಅಮ್ಮ ಬಾಗಿಲಲ್ಲಿ ನಿಂತಿದ್ದನ್ನು ನೀನು ಪೆನ್ಸಿಲ್‌ನಲ್ಲಿ ಬರೆದಿದ್ದೆ. ವರ್ಷಗಟ್ಟಲೆ ಬಿಂದಿಗೆ ನೀರು ಹೊತ್ತು ಅವಳದೊಂದು ಭುಜ ಇಳಿದಿತ್ತು, ನೀನು ಅದನ್ನು ಇದ್ದ ಹಾಗೇ ಬರೆದಿದ್ದೆ. ನೀನು ಟ್ಯೂಷನ್ನಿಗೆ ಹೋಗಿದ್ದಾಗ ನಾನು ಎರಡು ಭುಜವನ್ನೂ ಸಮ ಮಾಡಿದೆ, ಮೂಗು ತೀಡಿದೆ, ಮುಡಿಗೆ ಮಲ್ಲಿಗೆ ಇಟ್ಟೆ. ಮೊದಲ ಬಹುಮಾನ ಬಂತು. ಮಂಡ್ಯದ ಬಹುಮಾನ ಸಮಾರಂಭದಲ್ಲಿ ನಿನ್ನ ಹೆಸರು ಕೂಗಿದಾಗ ನೀನು ಕಂಬ ಹಿಡಿದುಕೊಂಡು ‘ಅದು ನಂದಲ್ಲ ಅಪ್ಪ’ ಎಂದೆ. ನಾನು ಎಲ್ಲರ ಮುಂದೆ ಗದರಿಸಿ, ನಾನೇ ವೇದಿಕೆ ಹತ್ತಿ ಬಹುಮಾನ ಇಸಿದುಕೊಂಡೆ. ಮಾರನೆಯ ದಿನ ನೀನು ನಿನ್ನ ಬಣ್ಣದ ಡಬ್ಬಿಯನ್ನು ಪಕ್ಕದ ಮನೆಯ ಕಿಶನ್‌ಗೆ ಕೊಟ್ಟುಬಂದೆ. ಹುಡುಗಿಗೆ ಹಟ, ಎರಡು ದಿನಕ್ಕೆ ಸರಿಹೋಗುತ್ತಾಳೆ ಎಂದುಕೊಂಡೆ. ಹದಿನಾರು ವರ್ಷವಾಯಿತು. ಆ ಚಿತ್ರಕ್ಕೆ ಫ್ರೇಮ್ ಹಾಕಿಸಿ ಹಾಲ್‌ನ ಗೋಡೆಗೆ ನೇತುಹಾಕಿದಾಗ ಅಮ್ಮ ಅದರ ಮುಂದೆ ನಿಂತು ‘ಯಾರ್ರೀ ಇವಳು?’ ಎಂದಿದ್ದಳು. ತಮಾಷೆ ಮಾಡುತ್ತಿದ್ದಾಳೆ ಎಂದು ನಕ್ಕಿದ್ದೆ.

ಚಿನ್ನು ಮೂರು ವಾರ ಏನೂ ಬರೆಯಲಿಲ್ಲ. ಹಾಳೆ ಕೊಟ್ಟರೆ ಇಟ್ಟುಕೊಂಡು ಪೆನ್ಸಿಲ್ ಚೂಪು ಮಾಡುತ್ತ ಕೂರುತ್ತಿದ್ದಳು, ಪೆನ್ಸಿಲ್ ಗೇಣುದ್ದದಿಂದ ಬೆರಳುದ್ದಕ್ಕೆ ಬಂತು. ನನಗೆ ಹೆದರಿಕೆಯಾಯಿತು. ಇನ್ನೊಂದು ಮಗುವಿಗೂ ಇದೇ ಮಾಡಿಬಿಟ್ಟೆನಾ ಎಂದು. ಹೋದ ಶುಕ್ರವಾರದ ಹಿಂದಿನ ಶುಕ್ರವಾರ ತರಗತಿಯ ಮುಂದೆ ನಿಂತು ರಬ್ಬರ್ ಹಿಡಿದು ನಾನು ಬರೆದ ಕೊಂಬನ್ನು ಅಳಿಸಿದೆ. ತಪ್ಪು ನನ್ನದು, ಕ್ಷಮಿಸು ಎಂದು ಅವಳಿಗೆ ಹೇಳಿದೆ. ಬ್ಲಾಗಿನಲ್ಲೂ ನನ್ನ ಹೆಸರು ಹಾಕಿ ಅದನ್ನೇ ಬರೆಸಿದೆ. ಮೂವತ್ತನಾಲ್ಕು ವರ್ಷದ ಸರ್ವೀಸಿನಲ್ಲಿ ಮಕ್ಕಳ ಮುಂದೆ ಈ ಮಾತು ಆಡಿದವನಲ್ಲ ನಾನು. ಚಿನ್ನು ‘ಬುಡಿ ಸಾ, ಅಳ್ಬೇಡಿ’ ಎಂದಳು. ಅಳುತ್ತಿರಲಿಲ್ಲ, ಕಣ್ಣಿಗೆ ಪೊರೆ ಬಂದು ನೀರು ಸುರಿಯುತ್ತದೆ. ಅಥವಾ ಅತ್ತೆನೆಂದೇ ಇಟ್ಟುಕೊ. ಮುಂದಿನ ಮಂಗಳವಾರ ಅವಳು ನನ್ನನ್ನೇ ಬರೆದಳು, ಮೊರದಷ್ಟು ಅಗಲ ಕಿವಿ, ಒಂದು ಕಣ್ಣು ದೊಡ್ಡದು, ಒಂದು ಚಿಕ್ಕದು. ಕೈ ತುರಿಸಿತು. ಇದ್ದ ಹಾಗೇ ಹಾಕಿದ್ದೇನೆ, ಬ್ಲಾಗಿನಲ್ಲಿ ಮೇಲಿನದೇ ಅದು, ನೋಡಿ ನಗು.

ಆ ಮಗುವಿನ ಹತ್ತಿರ ಕ್ಷಮೆ ಕೇಳಲು ನನಗೆ ಮೂರು ವಾರ ಬೇಕಾಯಿತು. ನಿನ್ನ ಹತ್ತಿರ ಕೇಳಲು ಇಷ್ಟು ವರ್ಷ. ಆ ಚಿತ್ರ ನಿನ್ನದು, ಅದನ್ನು ಕೆಡಿಸಿದವನು ನಾನು. ಬಹುಮಾನ ಬಂದದ್ದು ನನ್ನ ಕೈಚಳಕಕ್ಕೆ. ನಿನ್ನ ಕಣ್ಣು ನೋಡಿದ್ದನ್ನು ಯಾರೂ ನೋಡದ ಹಾಗೆ ಮಾಡಿದೆ. ತಪ್ಪಾಯಿತು ಮಗಳೇ. ಮತ್ತೆ ಚಿತ್ರ ಬರೆ ಎಂದು ಕೇಳುವುದಿಲ್ಲ, ಅದು ನಿನಗೆ ಬಿಟ್ಟದ್ದು.

ನಿನ್ನ ಜೊತೆ ರೂಮಿನಲ್ಲಿರುವ ಸೌಮ್ಯಶ್ರೀಗೆ ನಾನು ಕೇಳಿದೆನೆಂದು ಹೇಳು. ಹೊಟ್ಟೆ ತುಂಬ ಉಣ್ಣು, ಕಣ್ತುಂಬ ನಿದ್ದೆ ಮಾಡು, ನಿನ್ನ ಮೈಗೂ ಮನಸ್ಸಿಗೂ ಯಾವ ನೋವೂ ಬಾರದಿರಲಿ.

ನಿನ್ನ ಅಪ್ಪ,
ವೆಂಕಟೇಶಾಚಾರಿ

ವಿ.ಸೂ.: ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಬುಧವಾರ ಗೋಡೆಯ ಮೇಲಿದ್ದ ನಿನ್ನ ಆ ಚಿತ್ರವನ್ನು ಇಳಿಸಿ ಫ್ರೇಮ್ ಬಿಚ್ಚಿದೆ, ನನ್ನ ಗೆರೆ ಅಳಿಸಿ ಅಮ್ಮನನ್ನು ನೀನು ಬರೆದಂತೆ ಮಾಡೋಣ ಎಂದು. ರಬ್ಬರ್ ಹಿಡಿದು ಕೂತವನಿಗೆ ಅವಳ ಯಾವ ಭುಜ ಇಳಿದಿತ್ತು ಎಂದು ನೆನಪಾಗಲಿಲ್ಲ. ಇಪ್ಪತ್ತೊಂಬತ್ತು ವರ್ಷ ಒಂದೇ ಮನೆಯಲ್ಲಿದ್ದವನಿಗೆ. ಇರುವ ಫೋಟೋಗಳನ್ನೆಲ್ಲ ಹರಡಿಕೊಂಡು ನೋಡಿದೆ. ಎಲ್ಲದರಲ್ಲೂ ಅವಳು ನೆಟ್ಟಗೆ ನಿಂತಿದ್ದಾಳೆ, ಪ್ರತಿ ಸಲವೂ ‘ನೆಟ್ಟಗೆ ನಿಂತ್ಕೊಳೇ’ ಎಂದವನು ನಾನೇ. ನಿನಗೆ ಗೊತ್ತಿರುತ್ತದೆ. ಫೋನ್ ಮಾಡಬೇಕೆಂದಿಲ್ಲ. ಎಡವೋ ಬಲವೋ, ಅಷ್ಟು ಮಾತ್ರ ತಿಳಿಸಮ್ಮ.