ಮೂರು ತಿಂಗಳ ನಿಯಮ

ಪ್ರೀತಿಯ ತಾತ,

ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ, ಲೋಟಗಳನ್ನೆಲ್ಲ ದೇಶಗಳಂತೆ ಜೋಡಿಸಿ ನೀವು ರಾಷ್ಟ್ರಸಂಘದ ಪಾಠ ಮಾಡಿದ ದಿನ ನೆನಪಿದೆಯಾ? ಮೊದಲ ಮಹಾಯುದ್ಧದ ಹೆಣ ಹೊತ್ತು ಸುಸ್ತಾದವರು ಕಟ್ಟಿದ ಸಂಘ, ಎಂದಿರಿ. ಜಗಳವಾದರೆ ಪಂಚಾಯಿತಿಗೆ ಬರಬೇಕು. ತೀರ್ಪಾದ ಮೇಲೂ ಮೂರು ತಿಂಗಳು ಯುದ್ಧಕ್ಕೆ ಇಳಿಯಬಾರದು. ಮೀರಿದವರ ಜೊತೆ ಉಳಿದವರು ವ್ಯಾಪಾರ ನಿಲ್ಲಿಸಬೇಕು. ಆದರೆ ದೊಡ್ಡ ತೀರ್ಮಾನಕ್ಕೆ ಎಲ್ಲರೂ ಒಪ್ಪಬೇಕು, ಸ್ವಂತ ಸೈನ್ಯವೂ ಇಲ್ಲ. ಮೇಜಿನ ತುದಿಯಲ್ಲಿದ್ದ ಖಾಲಿ ಕುರ್ಚಿ ಯಾರದೆಂದು ಕೇಳಿದೆ. "ಅಮೆರಿಕದ್ದು ಕಣಮ್ಮ. ಕನಸು ಕಂಡವರೂ ಈ ದೇಶದವರೇ, ಬರದೇ ಹೋದವರೂ ಇವರೇ" ಎಂದು ನಕ್ಕಿರಿ.

ನೀವು ಯಾರ ಮನೆಯಲ್ಲಿರಬೇಕೆಂದು ಅಪ್ಪ, ಚಿಕ್ಕಪ್ಪ ಕಿತ್ತಾಡಿದ್ದು ಅದೇ ಮೇಜಿನ ಮುಂದೆ. "ನಮ್ಮನೇಲಿ, ಫಾರ್ಮಿಂಗ್ಟನ್ ಹಿಲ್ಸ್‌ನಲ್ಲೇ ಇರ್ಲಿ. ಆಸ್ಪತ್ರೆ ಎರಡು ಮೈಲಿ" ಎಂದರು ಅಪ್ಪ. "ಅಣ್ಣಾ, ನಿನ್ನ ಮನೇಲಿ ಮಲಗೋಕೂ ಮೆಟ್ಟಿಲು ಹತ್ತಬೇಕು. ನಮ್ದು ಒಂದೇ ಫ್ಲೋರು. ನಮ್ಮ ವಿಕ್ಸಮ್ ಊರೇನು ಚಂದ್ರಲೋಕನಾ?" ಎಂದರು ಚಿಕ್ಕಪ್ಪ. ಒಬ್ಬ ಮಗನನ್ನು ಆರಿಸಿದರೆ ಇನ್ನೊಬ್ಬ ಸೋಲುತ್ತಾನೆಂದು ನೀವು ಬಾಯಿ ಬಿಡಲಿಲ್ಲ. ಸಂಘದ ನಿಯಮವನ್ನೇ ನಮಗೆ ಹಾಕಿದಿರಿ: ಅಪ್ಪ, ಚಿಕ್ಕಪ್ಪ, ನಾನು, ಮೂವರೂ ಒಪ್ಪಿದರೆ ಮಾತ್ರ ಬದಲಾವಣೆ. ಇಲ್ಲವಾದರೆ ಮೂರು ತಿಂಗಳು ಆ ಮಾತೇ ಎತ್ತಬಾರದು.

ಅದೇ ದಿನ ಬೆಳಗ್ಗೆ ಶಾಲು ಮಡಿಸುತ್ತ ನನ್ನೊಬ್ಬಳಿಗೇ ಹೇಳಿದ್ದಿರಿ: "ನಂಗೆ ಈ ಮೆಟ್ಟಿಲು ಭಯ. ವಿಕ್ಸಮ್ಮೇ ಸರಿ. ನೀನು ಹೇಳು, ನಿಮ್ಮಪ್ಪ ಕೇಳ್ತಾನೆ." ಆದರೆ ಅಪ್ಪ "ನೀನೇನಂತೀಯ, ಪುಟ್ಟಿ?" ಎಂದಾಗ ಅವರನ್ನು ಸೋಲಿಸಲು ಮನಸ್ಸಾಗಲಿಲ್ಲ. "ಯೋಚ್ನೆ ಮಾಡ್ತೀನಿ" ಎಂದೆ. ಸಾಹಿತ್ಯ ಓದಿ ಪದವಿ ಪಡೆದವಳಿಗೆ ಒಂದು ವಾಕ್ಯ ಸಿಗಲಿಲ್ಲವೇ? ನೀವು ನನ್ನನ್ನೇ ನೋಡುತ್ತಿದ್ದಿರಿ, ಆಮೇಲೆ ಖಾಲಿ ಕುರ್ಚಿಯನ್ನು...

ಮೂರನೆಯ ತಿಂಗಳು ಮುಗಿಯುವ ಮೊದಲೇ ಮೆಟ್ಟಿಲಿಂದ ಬಿದ್ದಿರಿ. ಆಸ್ಪತ್ರೆ ಎರಡೇ ಮೈಲಿ ದೂರವಿತ್ತು, ತಾತ.

ನಿಮ್ಮ ಅಂತ್ಯಕ್ರಿಯೆಯ ದಿನವೇ "ಕೊಂದಿದ್ದು ನಿನ್ನ ಹಟ" ಎಂದು ಅಪ್ಪನಿಗೆ ಹೇಳಿ ಹೋದ ಚಿಕ್ಕಪ್ಪ ಮತ್ತೆ ಬಂದಿಲ್ಲ. ನೀವು ಅಂದು ಬೆಳಗ್ಗೆ ಹೇಳಿದ್ದನ್ನು ಇವತ್ತು ಅಪ್ಪನಿಗೆ ಹೇಳಿದೆ. "ತಾತ ನಿಂಗೆ ಹೇಳಿದ್ರಾ?" ಎಂದಷ್ಟೇ ಕೇಳಿ, ಅವರು ಕೊನೆಯ ಮೆಟ್ಟಿಲ ಮೇಲೆ ಕೂತರು. ಫೋನಿನಲ್ಲಿ ಚಿಕ್ಕಪ್ಪನ ಹೆಸರು ತೆರೆದರು. ಬೆರಳು ಅಲ್ಲೇ ನಿಂತಿತು. ಒತ್ತಿದವಳು ನಾನು.

"ಏನು?" ಎಂದರು ಚಿಕ್ಕಪ್ಪ. ಅಪ್ಪ ಫೋನನ್ನು ನನ್ನ ಕೈಗೆ ಕೊಟ್ಟರು.

"ಚಿಕ್ಕಪ್ಪ, ಅಪ್ಪ ಅಲ್ಲ, ನಾನು," ಎಂದೆ. "ತಾತ ನಿಮ್ಮನೆಗೇ ಬರ್ಬೇಕು ಅಂದಿದ್ರು. ಹೇಳದೇ ಇದ್ದವಳು ನಾನು."

ನಿಮ್ಮ,
ಪುಟ್ಟಿ